ಮಣಿಕಟ್ಟಿನ ಪಟ್ಟಿಗೆ ಪೂರ್ಣ ಅಂಕ, ನಿಯಮದ ಕಾರ್ಡಿಗೆ ಸೊನ್ನೆ: ಒಂದು ಪಿಕಲ್‌ಬಾಲ್ ಸೆಟ್‌ನ ವಿಮರ್ಶೆ

ಪಿಕಲ್‌ಬಾಲ್ ಎಂದರೆ ರಂಧ್ರಗಳಿರುವ ಪ್ಲಾಸ್ಟಿಕ್ ಚೆಂಡನ್ನು ಪ್ಯಾಡಲ್‌ನಿಂದ ನೆಟ್‌ನ ಆಚೀಚೆ ಹೊಡೆಯುವ ಆಟ. ಈ ಸೆಟ್‌ನ ಪೆಟ್ಟಿಗೆಯಲ್ಲಿ ನಾಲ್ಕು ಪ್ಯಾಡಲ್, ಆರು ಚೆಂಡು, ಮಡಚಿಡಬಹುದಾದ ನೆಟ್, ಅಂಕ ತೋರಿಸುವ ಒಂದು ತಟ್ಟೆ, ಪ್ಲಾಸ್ಟಿಕ್ ಹೊದಿಸಿದ ನಿಯಮದ ಕಾರ್ಡ್ ಮತ್ತು ಎರಡು ಬಣ್ಣದ ಮಣಿಕಟ್ಟಿನ ಪಟ್ಟಿಗಳಿವೆ. ‘ಬಿಚ್ಚಿದ ಹತ್ತೇ ನಿಮಿಷಕ್ಕೆ ಆಟ ಶುರು’ ಎಂದು ಮುಚ್ಚಳದ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗಿದೆ. ನೆಟ್ ನಿಲ್ಲಿಸಲು ಹತ್ತು ನಿಮಿಷ ಸಾಕು, ಅದರಲ್ಲಿ ಸುಳ್ಳಿಲ್ಲ. ಆದರೆ ನಾಲ್ವರು ಅಂಗಳಕ್ಕಿಳಿದು, ಈಗ ಸರ್ವ್ ಯಾರದ್ದು, ಅವರು ನಿಲ್ಲಬೇಕಾದದ್ದು ಬಲಕ್ಕೋ ಎಡಕ್ಕೋ, ಬಾಯಲ್ಲಿ ಹೇಳಬೇಕಾದ ಮೂರು ಅಂಕಿಗಳು ಯಾವುವು ಎಂದು ಕೇಳಿದರೆ ಕಾರ್ಡ್ ಕೈಚೆಲ್ಲುತ್ತದೆ. ಆ ಪ್ರಶ್ನೆಗೆ ಉತ್ತರ ಇದೇ ಪೆಟ್ಟಿಗೆಯಲ್ಲಿದೆ, ಮಣಿಕಟ್ಟಿನ ಪಟ್ಟಿಗಳ ರೂಪದಲ್ಲಿ. ಅವು ಏಕೆ ಇವೆ ಎಂಬುದರ ಬಗ್ಗೆ ಮಾತ್ರ ಕಾರ್ಡಿನಲ್ಲಿ ಒಂದಕ್ಷರವಿಲ್ಲ. ಕೊಂಡವರಲ್ಲಿ ಹೆಚ್ಚಿನವರು ಬೆವರು ಒರೆಸಲು ಕೊಟ್ಟಿದ್ದಾರೆ ಎಂದುಕೊಳ್ಳುವುದು ಖಂಡಿತ. ನಮ್ಮವರೂ ಹಾಗೆಯೇ ಅಂದುಕೊಂಡು ಎರಡನ್ನೂ ತಾವೇ ಧರಿಸಿಕೊಂಡಿದ್ದರು.

ನಾನು ಕಾಲೇಜಿನ ದಿನಗಳಿಂದ ಬ್ಯಾಡ್ಮಿಂಟನ್ ಡಬಲ್ಸ್ ಆಡಿದವಳು. ಸರ್ವ್ ಮಾಡುವ ತಂಡಕ್ಕೆ ಮಾತ್ರ ಅಂಕ ಸಿಗುತ್ತಿದ್ದ, 15ಕ್ಕೆ ಗೇಮ್ ಮುಗಿಯುತ್ತಿದ್ದ ಕಾಲದವಳು. ಬ್ಯಾಡ್ಮಿಂಟನ್ 2006ರಲ್ಲಿ ಆ ಪದ್ಧತಿಯನ್ನು ಬಿಟ್ಟು, ಪ್ರತಿ ರ‍್ಯಾಲಿಗೂ ಅಂಕ ಕೊಡುವ 21ರ ಪದ್ಧತಿಗೆ ಬಂತು. ಮಂಡಿನೋವು ಬಂದ ಮೇಲೆ ಪಿಕಲ್‌ಬಾಲ್ ಹಿಡಿದಾಗ, ಬ್ಯಾಡ್ಮಿಂಟನ್ ಕೈಬಿಟ್ಟ ‘ಎರಡನೇ ಸರ್ವರ್’ (ಒಬ್ಬರು ಸೋತ ಮೇಲೆ ಸರ್ವ್ ಮಾಡುವ ಜೊತೆಗಾರ) ಇಲ್ಲಿ ಜೀವಂತವಾಗಿರುವುದು ಕಂಡು ನನಗೆ ನಿಜಕ್ಕೂ ಖುಷಿಯಾಯಿತು. ಹಾಗಾಗಿ ಅಂಕದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಈ ವಿಮರ್ಶೆಯಲ್ಲಿ ಪ್ಯಾಡಲ್‌ಗಿಂತ ಕಾರ್ಡಿಗೆ ಹೆಚ್ಚು ಜಾಗ ಹೋಗುತ್ತಿರುವುದು ಅದಕ್ಕೇ.

ಮೊದಲು ವಸ್ತುಗಳ ಮಾತು ಮುಗಿಸಿಬಿಡುತ್ತೇನೆ. ಪ್ಯಾಡಲ್‌ಗಳು ಪರವಾಗಿಲ್ಲ. ಒಳಗೆ ಜೇನುಗೂಡಿನಂಥ ಪ್ಲಾಸ್ಟಿಕ್ ತಿರುಳು, ಮೇಲೆ ಫೈಬರ್‌ಗ್ಲಾಸ್ ಹೊದಿಕೆ. ಹಿಡಿಕೆ ತೆಳು, ದೊಡ್ಡ ಕೈಯವರು ಮೇಲೊಂದು ಪಟ್ಟಿ ಸುತ್ತಿಕೊಳ್ಳಬೇಕು. ಚೆಂಡುಗಳು 40 ರಂಧ್ರದವು, ಅಂದರೆ ಬಯಲಿನಲ್ಲಿ ಆಡುವವರಿಗೆ ಹೊಂದುವಂಥವು. ಒಳಾಂಗಣದಲ್ಲಿ ಆಡುವವರು ಸಾಮಾನ್ಯವಾಗಿ ಬಳಸುವುದು ದೊಡ್ಡ ರಂಧ್ರಗಳ, 26 ರಂಧ್ರದ ಚೆಂಡು. ಅದು ಈ ಪೆಟ್ಟಿಗೆಯಲ್ಲಿ ಇಲ್ಲ. ತಂಪು ಬೆಳಗಿನಲ್ಲಿ ಗಟ್ಟಿಯಾಗಿ ಹೊಡೆದರೆ ಚೆಂಡು ಬಿರುಕು ಬಿಡುತ್ತದೆ. ಆದರೆ ಅದು ಈ ಜಾತಿಯ ಚೆಂಡಿನ ಹಣೆಬರಹ, ತಯಾರಕರನ್ನು ದೂರುವುದಿಲ್ಲ.

ನೆಟ್ ಚೆನ್ನಾಗಿದೆ. ಪಿಕಲ್‌ಬಾಲ್ ನೆಟ್ ಅಂಚುಗೆರೆಗಳ ಬಳಿ 36 ಅಂಗುಲ, ನಡುವೆ 34 ಅಂಗುಲ ಎತ್ತರ ಇರಬೇಕು. ಟೇಪ್ ಹಿಡಿದು ಅಳೆದೆ. ಅಂಚಿನಲ್ಲಿ ಸರಿ ಇತ್ತು. ನಡುವಿನ ಪಟ್ಟಿ ಒಂದೆರಡು ಗೇಮ್ ಆಗುವಷ್ಟರಲ್ಲಿ ಸಡಿಲವಾಗಿ ಅಂಗುಲದಷ್ಟು ಇಳಿಯಿತು, ಮತ್ತೆ ಬಿಗಿಯಬೇಕಾಯಿತು. ಆರಂಭದಲ್ಲಿ ಒಮ್ಮೆ, ನಡುವೆ ಒಮ್ಮೆ ಅಳೆಯುವ ಅಭ್ಯಾಸ ಮಾಡಿಕೊಂಡರೆ ತೊಂದರೆಯಿಲ್ಲ.

ಇನ್ನು ಕಾರ್ಡ್. ಅದರ ಮೊದಲ ಸಾಲೇ ಹಾದಿ ತಪ್ಪಿಸುತ್ತದೆ: ‘ಬ್ಯಾಡ್ಮಿಂಟನ್ ಕೋರ್ಟಿನ ಗೆರೆಗಳನ್ನೇ ಬಳಸಿ.’ ಹೊರಗೆರೆಗಳ ಮಟ್ಟಿಗೆ ಇದು ಸರಿ. 1965ರಲ್ಲಿ ಅಮೆರಿಕದ ಬೇನ್‌ಬ್ರಿಜ್ ದ್ವೀಪದಲ್ಲಿ ಜೋಯೆಲ್ ಪ್ರಿಚರ್ಡ್ ಮತ್ತು ಗೆಳೆಯರು ಈ ಆಟವನ್ನು ಮೊದಲು ಆಡಿದ್ದೇ ಒಂದು ಬ್ಯಾಡ್ಮಿಂಟನ್ ಅಂಕಣದಲ್ಲಿ. ಹಾಗಾಗಿ ಬ್ಯಾಡ್ಮಿಂಟನ್ ಡಬಲ್ಸ್‌ನ 20 ಅಡಿ ಅಗಲ, 44 ಅಡಿ ಉದ್ದವೇ ಇಲ್ಲೂ ಉಳಿದಿದೆ. ಆದರೆ ಒಳಗಿನ ಗೆರೆ ಬೇರೆ. ಬ್ಯಾಡ್ಮಿಂಟನ್‌ನ ಮುಂದಿನ ಸರ್ವ್ ಗೆರೆ ನೆಟ್‌ನಿಂದ ಆರೂವರೆ ಅಡಿ ದೂರ. ಪಿಕಲ್‌ಬಾಲ್‌ನಲ್ಲಿ ನೆಟ್‌ಗೆ ತಾಗಿದ, ಕಿಚನ್ ಎಂದು ಕರೆಯುವ ಜಾಗದ ಗೆರೆ 7 ಅಡಿ. ಅರ್ಧ ಅಡಿ ಏನು ಮಹಾ ಎನ್ನಬಹುದು. ಇಡೀ ಆಟ ನಡೆಯುವುದೇ ಆ ಗೆರೆಯ ಮುಂದೆ ತುದಿಗಾಲಿನಲ್ಲಿ ನಿಂತು. ಅಲ್ಲಿ ಅರ್ಧ ಅಡಿ ಎಂದರೆ ಒಂದು ಪಾದದ ಹೆಚ್ಚು ಭಾಗ. ಹಳೆಯ ಗೆರೆಯ ಹಿಂದೆ ಬಣ್ಣದ ಟೇಪ್ ಅಂಟಿಸಿಕೊಳ್ಳಿ.

ಎರಡನೆಯ ಸಾಲು ಇನ್ನೂ ಕೆಟ್ಟದ್ದು: ‘ಕಿಚನ್ ಒಳಗೆ ಕಾಲಿಡಬಾರದು.’ ಹೊಸಬರು ಇದನ್ನು ನಂಬಿದರೆ ಆಟದ ಅರ್ಧ ಸೊಗಸು ಅಲ್ಲೇ ಹೋಯಿತು. ಕಿಚನ್ ಒಳಗೆ ಯಾರು ಯಾವಾಗ ಬೇಕಾದರೂ ಹೋಗಬಹುದು, ಬೇಕೆಂದರೆ ಅಲ್ಲೇ ಬಿಡಾರ ಹೂಡಬಹುದು. ಅಲ್ಲಿ ನಿಂತು ಮಾಡಬಾರದ್ದು ಒಂದೇ: ಪುಟಿಯದ ಚೆಂಡನ್ನು ಗಾಳಿಯಲ್ಲೇ ಹೊಡೆಯುವುದು, ಅಂದರೆ ವಾಲಿ. ಚೆಂಡು ಅಲ್ಲಿ ಬಿದ್ದು ಪುಟಿದರೆ ಒಳಗೆ ನುಗ್ಗಿ ಧಾರಾಳವಾಗಿ ಹೊಡೆಯಿರಿ. ಎದುರಾಳಿಯ ಕಿಚನ್‌ಗೆ ಮೆಲ್ಲಗೆ ಇಳಿಸುವ ಡಿಂಕ್ ಎಂಬ ಹೊಡೆತ ಇರುವುದೇ ಇದನ್ನು ನೆಚ್ಚಿಕೊಂಡು. ಕಾರ್ಡ್ ಓದಿದ ನಮ್ಮ ನಾದಿನಿ ಡಿಂಕ್ ಬಂದಾಗಲೆಲ್ಲ ಗೆರೆಯಾಚೆ ನಿಂತು ಕೈ ಚಾಚಿ ಒದ್ದಾಡುತ್ತಿದ್ದಳು. ಹೋಗಬಹುದು ಎಂದು ಹೇಳಿದ ಮೇಲೆ ಅವಳನ್ನು ಅಲ್ಲಿಂದ ಹೊರಗೆ ತರುವುದೇ ಕಷ್ಟವಾಯಿತು.

ವಾಲಿಯ ವಿಷಯದಲ್ಲಿ ಮಾತ್ರ ನಿಯಮ ಕಾರ್ಡ್ ಹೇಳುವುದಕ್ಕಿಂತ ಬಿಗಿ. ಕಿಚನ್ ಗೆರೆಯೂ ಕಿಚನ್ನೇ. ಗೆರೆಯ ಹೊರಗೆ ನಿಂತು ವಾಲಿ ಹೊಡೆದು, ಆ ಓಘಕ್ಕೆ ಮುಂದೆ ಮುಗ್ಗರಿಸಿ ಗೆರೆ ತುಳಿದರೂ ಫಾಲ್ಟ್, ಅಂದರೆ ಆ ಸಲದ ಆಟ ಸೋತಂತೆ. ಅಷ್ಟರಲ್ಲಿ ಚೆಂಡು ಎದುರು ಪಕ್ಕದಲ್ಲಿ ಎರಡು ಸಲ ಪುಟಿದು ರ‍್ಯಾಲಿ ಮುಗಿದಿದ್ದರೂ ಫಾಲ್ಟೇ. ಓಘಕ್ಕೆ ತಲೆಯ ಮೇಲಿನ ಟೋಪಿ ಜಾರಿ ಒಳಗೆ ಬಿದ್ದರೂ ಅಷ್ಟೆ. ಈ ಕೊನೆಯದನ್ನು ಹೇಳಿದಾಗ ನಾದಿನಿಯ ಗಂಡ ನಂಬಲಿಲ್ಲ. ನಿಯಮ ಪುಸ್ತಕ ತೆರೆದು ತೋರಿಸಿದ ಮೇಲೆ ಟೋಪಿ ತೆಗೆದಿಟ್ಟು ಆಡಲು ಬಂದರು.

ಸರ್ವ್ ಬಗ್ಗೆ ಕಾರ್ಡಿನ ಚಿತ್ರ ಚೆನ್ನಾಗಿದೆ, ಮಾತು ಹಳತು. ಕೈ ಕೆಳಗಿನಿಂದ ಮೇಲಕ್ಕೆ ಬರಬೇಕು, ಚೆಂಡು ಸೊಂಟಕ್ಕಿಂತ ಮೇಲೆ ತಾಗಬಾರದು, ಪ್ಯಾಡಲ್‌ನ ತಲೆ ಮಣಿಕಟ್ಟನ್ನು ಮೀರಬಾರದು, ಕರ್ಣವಾಗಿ ಎದುರಿನ ಚೌಕಕ್ಕೆ ಹೋಗಬೇಕು, ಒಂದೇ ಅವಕಾಶ. ಇಷ್ಟೂ ಸರಿ. ಆದರೆ ‘ನೆಟ್ ತಾಗಿ ಒಳಗೆ ಬಿದ್ದರೆ ಮತ್ತೆ ಸರ್ವ್’ ಎಂದು ಬರೆದಿದ್ದಾರೆ. ಆ ನಿಯಮ 2021ರಲ್ಲೇ ಹೋಯಿತು. ಈಗ ನೆಟ್ ಸವರಿ ಸರಿಯಾದ ಚೌಕದಲ್ಲಿ ಬಿದ್ದರೆ ಆಟ ಮುಂದುವರಿಯುತ್ತದೆ, ಬ್ಯಾಡ್ಮಿಂಟನ್‌ನಲ್ಲಿ ಇರುವ ಹಾಗೆಯೇ. ಅದೇ ವರ್ಷ ಬಂದ ಡ್ರಾಪ್ ಸರ್ವ್ ಬಗ್ಗೆಯೂ ಸುದ್ದಿಯಿಲ್ಲ. ಚೆಂಡನ್ನು ಕೈಯಿಂದ ಸುಮ್ಮನೆ ಬಿಟ್ಟು, ಪುಟಿದ ಮೇಲೆ ಹೊಡೆಯುವ ವಿಧಾನ ಅದು. ಎಸೆಯಬಾರದು, ನೆಲಕ್ಕೆ ಬಡಿಯಬಾರದು, ಬರಿದೇ ಬಿಡಬೇಕು. ಹಾಗೆ ಮಾಡಿದರೆ ಸೊಂಟ, ಮಣಿಕಟ್ಟಿನ ಲೆಕ್ಕಾಚಾರವೇ ಇರುವುದಿಲ್ಲ. ಹೊಸಬರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಆರಂಭಿಕರಿಗೆಂದೇ ಮಾಡಿದ ಸೆಟ್‌ನಲ್ಲಿ ಇದನ್ನು ಬಿಟ್ಟಿರುವುದು ನನಗೆ ಸಿಟ್ಟು ತರಿಸಿತು. ಇನ್ನೊಂದು ಸಣ್ಣ ವಿಷಯ: ಸರ್ವ್ ಕಿಚನ್ ಗೆರೆಯ ಮೇಲೆ ಬಿದ್ದರೆ ಫಾಲ್ಟ್, ಉಳಿದ ಗೆರೆಗಳ ಮೇಲೆ ಬಿದ್ದರೆ ಒಳ್ಳೆಯದೇ.

ಎರಡು ಪುಟಿತದ ನಿಯಮವನ್ನು ಕಾರ್ಡ್ ಒಂದು ಸಾಲಿನಲ್ಲಿ ಸರಿಯಾಗಿ ಹೇಳಿದೆ. ಸರ್ವ್ ಪುಟಿಯಬೇಕು, ಅದಕ್ಕೆ ಬಂದ ಮರುಹೊಡೆತವೂ ಪುಟಿಯಬೇಕು, ಆಮೇಲೆ ವಾಲಿಗೆ ಅಡ್ಡಿಯಿಲ್ಲ. ಇದರಿಂದಾಗಿ ಸರ್ವ್ ಮಾಡಿದ ತಂಡ ಕೂಡಲೇ ಮುಂದೆ ಓಡಿ ಬರುವಂತಿಲ್ಲ, ಎದುರಾಳಿಗಳು ಮೊದಲೇ ಕಿಚನ್ ಗೆರೆಗೆ ಬಂದು ನಿಲ್ಲುತ್ತಾರೆ. ಇಲ್ಲಿ ಸರ್ವ್ ಕೈಯಲ್ಲಿದ್ದರೆ ರ‍್ಯಾಲಿ ಗೆಲ್ಲುವುದು ಸುಲಭವಲ್ಲ, ಅಂಕ ಸಿಗುವುದು ಮಾತ್ರ ಸರ್ವ್ ಕೈಯಲ್ಲಿದ್ದಾಗಲೇ. ಆಟದ ಬಿಗಿ ಇರುವುದು ಈ ತಿಕ್ಕಾಟದಲ್ಲಿ.

ಈಗ ಅಂಕಕ್ಕೆ ಬರೋಣ. ಕಾರ್ಡಿನ ಪ್ರಕಾರ: ‘ಗೇಮ್ 11ಕ್ಕೆ. ಎರಡು ಅಂಕದ ಅಂತರ ಬೇಕು. ಮೂರು ಅಂಕಿ ಹೇಳಿ: ನಿಮ್ಮ ಅಂಕ, ಎದುರಾಳಿಯ ಅಂಕ, ಸರ್ವರ್ ಸಂಖ್ಯೆ. ಮೊದಲ ಸರ್ವರ್ 1, ಎರಡನೆಯವರು 2. ಆಟ 0-0-2ರಿಂದ ಆರಂಭ.’ ಇಷ್ಟೇ. ಒಂದೂ ತಪ್ಪಲ್ಲ, ಒಂದೂ ಉಪಯೋಗಕ್ಕೆ ಬರುವುದಿಲ್ಲ. ಇದನ್ನು ಓದಿದ ಯಾರಿಗಾದರೂ ‘ನಾನು 1, ನೀವು 2’ ಎಂದು ಆಟದ ಕೊನೆಯವರೆಗೂ ಖಾಯಂ ಹಂಚಿಕೆ ಆಗಿದೆ ಎನಿಸುತ್ತದೆ. ಜಗಳ ಹುಟ್ಟುವುದು ಅಲ್ಲೇ.

ಮೂರನೆಯ ಅಂಕಿ ವ್ಯಕ್ತಿಗೆ ಅಂಟಿದ್ದಲ್ಲ, ಆ ಸರದಿಗೆ ಅಂಟಿದ್ದು. ಸರ್ವ್ ತಂಡಕ್ಕೆ ಬಂದಾಗ ಆ ಕ್ಷಣದಲ್ಲಿ ಬಲಗಡೆ ಇರಬೇಕಾದವರೇ 1. ಅವರು ರ‍್ಯಾಲಿ ಸೋತರೆ ಜೊತೆಗಾರ 2. ಅವರೂ ಸೋತರೆ ಸೈಡ್ ಔಟ್, ಸರ್ವ್ ಎದುರಿಗೆ ಹೋಗುತ್ತದೆ. ಬಲಗಡೆ ಇರಬೇಕಾದವರು ಯಾರು ಎಂಬುದನ್ನು ಹೇಳುವುದು ಆ ಪಟ್ಟಿ. ತಂಡದ ಪರವಾಗಿ ಗೇಮ್‌ನ ಮೊದಲ ಸರ್ವ್ ಮಾಡುವವರು ಮಣಿಕಟ್ಟಿಗೆ ಪಟ್ಟಿ ಧರಿಸುತ್ತಾರೆ. ಅಂಪೈರ್ ಇರುವ ಪಂದ್ಯಗಳಲ್ಲಿ ಇಂಥದೊಂದು ಗುರುತು ಇದ್ದೇ ಇರುತ್ತದೆ. ತಂಡದ ಅಂಕ ಸಮಸಂಖ್ಯೆ ಆದರೆ ಪಟ್ಟಿಯವರು ಬಲಕ್ಕೆ, ಬೆಸಸಂಖ್ಯೆ ಆದರೆ ಎಡಕ್ಕೆ. ಸೊನ್ನೆಯೂ ಸಮ.

ಒಂದು ಗೇಮ್‌ನ ಆರಂಭವನ್ನು ಹೇಳಿದರೆ ಚಿತ್ರ ಮೂಡುತ್ತದೆ. ನಾದಿನಿ ಮತ್ತು ಅವಳ ಗಂಡ ಒಂದು ಕಡೆ, ನಾನು ಮತ್ತು ನಮ್ಮವರು ಇನ್ನೊಂದು ಕಡೆ. ಪಟ್ಟಿ ನಾದಿನಿಯ ಕೈಯಲ್ಲಿ ಒಂದು, ನನ್ನ ಕೈಯಲ್ಲಿ ಒಂದು. ಅವಳು ಬಲದಿಂದ ‘ಸೊನ್ನೆ, ಸೊನ್ನೆ, ಎರಡು’ ಎಂದು ಕೂಗಿ ಸರ್ವ್ ಮಾಡುತ್ತಾಳೆ. ಮೊದಲ ಸರ್ವರ್ ಆಗಿಯೂ ‘ಎರಡು’ ಏಕೆ? ಸರ್ವ್ ಮಾಡುವವರಿಗೆ ಮಾತ್ರ ಅಂಕ ಸಿಗುವ ಆಟದಲ್ಲಿ ಮೊದಲ ತಂಡಕ್ಕೆ ಇಬ್ಬರು ಸರ್ವರ್‌ಗಳನ್ನು ಕೊಟ್ಟರೆ, ಎದುರಾಳಿಗೆ ಸರ್ವ್ ಸಿಗುವ ಮೊದಲೇ ಅದಕ್ಕೆ ಎರಡು ಅವಕಾಶ ಸಿಕ್ಕಂತಾಗುತ್ತದೆ. ಆದ್ದರಿಂದ ಆ ಒಂದು ಸರದಿಗೆ ಮಾತ್ರ ಒಬ್ಬರೇ ಸರ್ವರ್. ಅವರು ಸೋತರೆ ನೇರ ಸೈಡ್ ಔಟ್. ನಮ್ಮ ಹಳೆಯ ಬ್ಯಾಡ್ಮಿಂಟನ್‌ನಲ್ಲೂ ಗೇಮ್‌ನ ಮೊದಲ ಸರದಿಗೆ ಒಬ್ಬರೇ ಸರ್ವರ್ ಇರುತ್ತಿದ್ದರು. ಕೆಲವರು ಗೊಂದಲ ತಪ್ಪಿಸಲು ‘ಎರಡು’ ಬದಲು ‘ಸ್ಟಾರ್ಟ್’ ಎನ್ನುತ್ತಾರೆ. ಅದೂ ನಡೆಯುತ್ತದೆ.

ನಾದಿನಿ ರ‍್ಯಾಲಿ ಗೆದ್ದಳು. ಅಂಕ 1-0-2. ಗಂಡ ಹೆಂಡತಿ ಜಾಗ ಬದಲಿಸಿಕೊಳ್ಳುತ್ತಾರೆ, ಅವಳು ಎಡದಿಂದ ಸರ್ವ್ ಮಾಡುತ್ತಾಳೆ. ನಾವು ಜಾಗ ಬದಲಿಸುವುದಿಲ್ಲ. ಸರ್ವ್ ಸ್ವೀಕರಿಸುವ ತಂಡ ಇದ್ದಲ್ಲೇ ಇರುತ್ತದೆ. ಈ ಸಲ ಅವಳು ಸೋತಳು, ಸೈಡ್ ಔಟ್. ನಮ್ಮ ಅಂಕ ಸೊನ್ನೆ, ಸಮ, ಪಟ್ಟಿಯವಳಾದ ನಾನು ಬಲಕ್ಕೆ. ‘ಸೊನ್ನೆ, ಒಂದು, ಒಂದು.’ ಗೆದ್ದೆ: 1-1-1, ಎಡದಿಂದ ಸರ್ವ್. ಮತ್ತೆ ಗೆದ್ದೆ: 2-1-1, ಬಲದಿಂದ. ಸೋತೆ. ಈಗ ನಮ್ಮವರ ಸರದಿ, ಅವರು ನಿಂತಲ್ಲಿಂದಲೇ, ಅಂದರೆ ಎಡದಿಂದ, ‘ಎರಡು, ಒಂದು, ಎರಡು’. ಅವರೂ ಸೋತರು. ಸರ್ವ್ ಆ ಕಡೆಗೆ.

ಈಗ ಹೇಳಿ, ಅಲ್ಲಿ ಮೊದಲು ಯಾರು? ನಾದಿನಿ ಚೆಂಡಿಗೆ ಕೈ ಚಾಚಿದಳು, ‘ನಾನೇ ಮೊದಲ ಸರ್ವರ್ ಅಲ್ಲವೇ’ ಎಂದಳು. ಕಾರ್ಡ್ ಓದಿದವರೆಲ್ಲ ಹಾಗೆಯೇ ಅನ್ನುತ್ತಾರೆ. ಅವರ ಅಂಕ 1, ಬೆಸ. ಪಟ್ಟಿಯ ನಾದಿನಿ ಎಡಕ್ಕೆ, ಬಲಗಡೆ ಅವಳ ಗಂಡ. ಆದ್ದರಿಂದ ಈ ಸರದಿಗೆ ಅವರೇ 1: ‘ಒಂದು, ಎರಡು, ಒಂದು.’ ಇದು ಅರ್ಥವಾದ ಗಳಿಗೆಯಿಂದ ನಮ್ಮಲ್ಲಿ ಜಗಳ ನಿಂತಿತು. ಯಾರಾದರೂ ‘ನಾವು ಎಲ್ಲಿದ್ದೆವು’ ಎಂದರೆ ಅಂಕ ನೋಡು, ಪಟ್ಟಿ ನೋಡು, ಅಷ್ಟೆ. ಅಂಕ ಮರೆತುಹೋದರೆ ಅದೇ ಸೂತ್ರ ತಿರುಗಿ ಕೆಲಸಕ್ಕೆ ಬರುತ್ತದೆ. ನಾನು ಬಲದಲ್ಲಿ ನಿಂತಿದ್ದರೆ ನಮ್ಮ ಅಂಕ 7 ಆಗಿರಲು ಸಾಧ್ಯವಿಲ್ಲ, 6 ಅಥವಾ 8 ಇರಬೇಕು. ನಮ್ಮವರು ಅಂಕವನ್ನು ತುಸು ಉಬ್ಬಿಸಿ ಹೇಳುವ ಉದಾರಿ. ಈ ಸೂತ್ರ ಬಂದ ಮೇಲೆ ಅವರ ಔದಾರ್ಯಕ್ಕೆ ಕಡಿವಾಣ ಬಿದ್ದಿದೆ.

ಅಂಕದ ತಟ್ಟೆಯ ಬಗ್ಗೆ ಎರಡು ಮಾತು. ಅದರಲ್ಲಿ ಇರುವುದು ಎರಡೇ ಚಕ್ರ, ಸೊನ್ನೆಯಿಂದ 21ರವರೆಗೆ. ಡಬಲ್ಸ್‌ಗೆ ಬೇಕಾದ ಮೂರನೆಯ ಅಂಕಿಗೆ ಜಾಗವೇ ಇಲ್ಲ. ಎರಡನೇ ಸರ್ವರ್ ಶುರುವಾದಾಗ ನೆಟ್ ಕಂಬಕ್ಕೆ ಬಟ್ಟೆಯ ಕ್ಲಿಪ್ ಸಿಕ್ಕಿಸಿ, ಸೈಡ್ ಔಟ್ ಆದಾಗ ತೆಗೆಯುವುದು ನಾವು ಕಂಡುಕೊಂಡ ದಾರಿ. ಸಿಂಗಲ್ಸ್ ಆಡುವವರಿಗೆ ತಟ್ಟೆ ಸಾಕು. ಅಲ್ಲಿ ಎರಡೇ ಅಂಕಿ, ನಿಮ್ಮ ಅಂಕ ಸಮವಾದರೆ ಬಲದಿಂದ ಸರ್ವ್, ಬೆಸವಾದರೆ ಎಡದಿಂದ, ಸೋತರೆ ಸರ್ವ್ ಎದುರಿಗೆ.

ತಟ್ಟೆ 21ರವರೆಗೆ ಏಕಿದೆ ಎಂಬುದಕ್ಕೂ ಕಾರಣವಿದೆ. ಕೆಲವು ಪಂದ್ಯಾವಳಿಗಳಲ್ಲಿ ಗೇಮ್ 15ಕ್ಕೋ 21ಕ್ಕೋ ಇರುತ್ತದೆ. ಅಮೆರಿಕದ ಮೇಜರ್ ಲೀಗ್ ಪಿಕಲ್‌ಬಾಲ್‌ನಲ್ಲಂತೂ ಹಲವು ವರ್ಷ ಇದ್ದದ್ದು ರ‍್ಯಾಲಿ ಪದ್ಧತಿ, ಸರ್ವ್ ಯಾರದ್ದೇ ಇರಲಿ ರ‍್ಯಾಲಿ ಗೆದ್ದವರಿಗೆ ಅಂಕ. ನಮ್ಮವರಿಗೆ ಅದೇ ಇಷ್ಟ, ಬೇಗ ಮುಗಿಯುತ್ತದೆ, ಲೆಕ್ಕ ಸುಲಭ. ನನಗೆ ಬೇಡ. 10-4ರಲ್ಲಿ ಹಿಂದಿರುವ ತಂಡ ಸರ್ವ್ ಕಿತ್ತುಕೊಂಡು, ಒಂದೊಂದೇ ಅಂಕ ಕೂಡಿಸುತ್ತ, ಮುಂದಿರುವವರಿಗೆ ಆ ಒಂದು ಅಂಕ ಸಿಗದಂತೆ ಸೈಡ್ ಔಟ್ ಮೇಲೆ ಸೈಡ್ ಔಟ್ ಮಾಡುತ್ತ ಹೋಗುವ ಸುಖ ರ‍್ಯಾಲಿ ಪದ್ಧತಿಯಲ್ಲಿ ಎಲ್ಲಿದೆ? ಬ್ಯಾಡ್ಮಿಂಟನ್‌ನಲ್ಲಿ ಅದನ್ನು ಒಮ್ಮೆ ಕಳೆದುಕೊಂಡವಳು ನಾನು. ಪಕ್ಷಪಾತ ಎಂದರೆ ಪಕ್ಷಪಾತವೇ ಇರಲಿ.

ಕಾರ್ಡ್ ಪೂರ್ತಿ ಮೌನವಾಗಿರುವ ಇನ್ನೊಂದು ವಿಷಯ, ಗೆರೆಯ ತೀರ್ಪು. ಅಂಪೈರ್ ಇಲ್ಲದ ಆಟದಲ್ಲಿ ಚೆಂಡು ನಿಮ್ಮ ಕಡೆ ಬಿದ್ದರೆ ಒಳಗೋ ಹೊರಗೋ ಎಂದು ಹೇಳುವವರು ನೀವೇ. ಸ್ಪಷ್ಟವಾಗಿ ಹೊರಗೆ ಕಂಡರೆ ಮಾತ್ರ ‘ಔಟ್’. ಅನುಮಾನ ಬಂದರೆ ಅದರ ಲಾಭ ಎದುರಾಳಿಗೆ. ಹಾಗೆಯೇ ಸರ್ವ್‌ಗೆ ಮುನ್ನ ಪೂರ್ತಿ ಅಂಕವನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು, ಹೇಳಿದ ಮೇಲೆ ಹತ್ತು ಸೆಕೆಂಡಿನೊಳಗೆ ಸರ್ವ್ ಆಗಬೇಕು. ತಿಂಗಳುಗಟ್ಟಲೆ ಆಡಿದವರೂ ಚೆಂಡು ಹೊಡೆಯುತ್ತ ಹೊಡೆಯುತ್ತ ಬಾಯೊಳಗೇ ಗೊಣಗುವುದನ್ನು ನೋಡಿದ್ದೇನೆ.

ತಯಾರಕರಿಗೆ ಪತ್ರ ಬರೆದೆ. ನೆಟ್ ಸರ್ವ್ ನಿಯಮ ಹಳತಾಗಿದೆ, ಕಿಚನ್ ಸಾಲು ತಪ್ಪಾಗಿದೆ, ಪಟ್ಟಿಯ ಉಪಯೋಗ ಹೇಳಿ ಎಂದು ವಿವರವಾಗಿ ಬರೆದಿದ್ದೆ. ಮರುದಿನವೇ ಉತ್ತರ ಬಂತು. ಪಟ್ಟಿಗಳು ಹರಿದಿದ್ದರೆ ಬದಲಿಸಿ ಕೊಡುತ್ತಾರಂತೆ.

ಬ್ಯಾಡ್ಮಿಂಟನ್ ಬಲ್ಲವರೊಬ್ಬರು ಅಥವಾ ಈಗಾಗಲೇ ಪಿಕಲ್‌ಬಾಲ್ ಆಡುವವರೊಬ್ಬರು ಗುಂಪಿನಲ್ಲಿದ್ದರೆ ಈ ಸೆಟ್ ಕೊಳ್ಳಬಹುದು, ನೆಟ್ ಒಂದಕ್ಕೇ ಕೊಳ್ಳಬಹುದು. ನಾಲ್ವರೂ ಹೊಸಬರಾದರೆ ಕಾರ್ಡನ್ನು ಪಕ್ಕಕ್ಕಿಟ್ಟು, ಯುಎಸ್‌ಎ ಪಿಕಲ್‌ಬಾಲ್ ಸಂಸ್ಥೆಯ ಈಗಿನ ನಿಯಮ ಪುಸ್ತಕವನ್ನು ಇಳಿಸಿಕೊಂಡು ಸರ್ವ್, ಅಂಕ ಮತ್ತು ಕಿಚನ್ ಅಧ್ಯಾಯಗಳನ್ನಷ್ಟೇ ಓದಿ ಅಂಗಳಕ್ಕೆ ಹೋಗಿ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು. ಅದರಲ್ಲಿ ಒಂದು ಪೂರ್ತಿಯಾಗಿ ಪಟ್ಟಿಯದ್ದು.